ಆಗ್ರಾ ಕೋಟೆ: ತಾಜ್ ನೋಡಲು ಹೋದವರು ಅರ್ಧ ದಿನ ಇದಕ್ಕೂ ಎತ್ತಿಡಿ

ಆಗ್ರಾ ಕೋಟೆಗೆ ನಾನು ಕೊಡುವುದು ಐದಕ್ಕೆ ನಾಲ್ಕೂವರೆ. ಆ ಅರ್ಧ ಅಂಕ ಕಳೆದದ್ದು ಕೋಟೆಯಿಂದಲ್ಲ, ಬೀಗ ಹಾಕಿಟ್ಟ ಬಾಗಿಲುಗಳಿಂದ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಚನ್ನಗಿರಿ ಕಡೆಯವನು. ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟು ಕೆಲಸ. ಅಜ್ಜ ಗಾರೆ ಮೇಸ್ತ್ರಿ, ಅಪ್ಪನೂ ಕರಣೆ ಹಿಡಿದೇ ನಮ್ಮನ್ನು ಸಾಕಿದವರು. ಹಾಗಾಗಿ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಕಲ್ಲಿನ ಸಂದಿಗೆ, ಗೋಡೆಯ ಮೂಲೆಗೆ, ಮಳೆ ನೀರು ಯಾವ ಕಡೆ ಇಳಿಯುತ್ತೆ ಅನ್ನುವುದಕ್ಕೆ. ರಾಜರ ಕಥೆ ಆಮೇಲೆ. ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮಂಡಿ ನೋವಿನ ಅವ್ವ ಜೊತೆಗಿದ್ದರು. ಅವರಿಗೂ ಒಂದೊಂದು ಅಭಿಪ್ರಾಯ ಇದೆ. ನಡುವೆ ಅವೂ ಬರುತ್ತವೆ.

ತಾಜ್ ಮಹಲ್ ಬಗ್ಗೆ ನಾನು ಹೇಳುವಂಥದ್ದು ಏನೂ ಇಲ್ಲ. ಚೆನ್ನಾಗಿದೆ. ಎಲ್ಲರೂ ಹೇಳಿದಷ್ಟೇ ಚೆನ್ನಾಗಿದೆ. ಆದರೆ ಅದು ಗೋರಿ. ಅಲ್ಲಿ ಯಾರೂ ಸಂಸಾರ ಮಾಡಲಿಲ್ಲ. ಕೋಟೆಯೊಳಗೆ ಮೂರು ತಲೆಮಾರಿನ ಬಾದಶಾಹರು ಉಂಡು, ಮಲಗಿ, ಸೆಕೆ ತಡೆಯಲಾರದೆ ಒದ್ದಾಡಿ, ಅಪ್ಪ ಮಕ್ಕಳು ಜಗಳ ಆಡಿ ಬದುಕಿದ್ದಾರೆ. ಮನೆ ಕಟ್ಟುವವನಿಗೆ ಯಾವುದರಲ್ಲಿ ಆಸಕ್ತಿ ಜಾಸ್ತಿ ಇರುತ್ತೆ, ನೀವೇ ಹೇಳಿ. ಬಹಳ ಜನ ತಾಜ್ ಮುಗಿಸಿ, ಸುಸ್ತಾಗಿ, ದಿಲ್ಲಿ ಬಸ್ಸು ಹತ್ತುವ ಮುಂಚೆ ಒಂದು ಗಂಟೆ ಸುಮ್ನೆ ಇಲ್ಲಿ ಸುತ್ತಿ ಹೋಗುತ್ತಾರೆ. ಅದಕ್ಕಿಂತ ಹೋಗದೇ ಇರುವುದು ವಾಸಿ.

ಸಮಯದ ವಿಷಯಕ್ಕೆ ಬರೋಣ. ಎಲ್ಲರೂ ಬೆಳಿಗ್ಗೆ ಹೋಗಿ ಅನ್ನುತ್ತಾರೆ. ನಾನು ಮಧ್ಯಾಹ್ನದ ಮೇಲೆ ಹೋಗಿ ಅನ್ನುತ್ತೇನೆ. ಕಾರಣ ಇದೆ. ಜಹಾಂಗೀರಿ ಮಹಲಿನ ಮುಖ ಪಡುವಣಕ್ಕೆ. ದಿವಾನ್-ಇ-ಆಮ್ ಅನ್ನುವ ದೊಡ್ಡ ಸಭಾಂಗಣವೂ ಪಡುವಣಕ್ಕೇ ತೆರೆದುಕೊಂಡಿದೆ. ತಾಜ್ ಇರುವುದು ಕೋಟೆಯ ಮೂಡಣ ದಿಕ್ಕಿನಲ್ಲಿ, ಯಮುನೆಯ ತಿರುವಿನ ಆಚೆ. ಬೆಳಿಗ್ಗೆ ಹೋದರೆ ಮಹಲಿನ ಮುಖದ ಮೇಲೆ ನೆರಳು, ತಾಜಿನ ಬೆನ್ನಿಗೆ ಸೂರ್ಯ. ಫೋಟೋದಲ್ಲಿ ಎರಡೂ ಕಪ್ಪು. ಎರಡು ಗಂಟೆ ದಾಟಿದ ಮೇಲೆ ಬಿಸಿಲು ನೇರ ಆ ಕೆಂಪು ಕಲ್ಲಿನ ಮೇಲೆ ಬೀಳುತ್ತದೆ. ಸೂರ್ಯ ಮುಳುಗುವವರೆಗೂ ತೆರೆದಿರುತ್ತದೆ, ವಾರದ ಏಳೂ ದಿನ. ತಾಜಿಗೆ ಶುಕ್ರವಾರ ರಜೆ, ಕೋಟೆಗೆ ಇಲ್ಲ. ಫೆಬ್ರವರಿ ಇಲ್ಲವೇ ನವೆಂಬರ್ ಒಳ್ಳೆಯದು. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದರೆ ಕೋಟೆಯಿಂದ ತಾಜ್ ಕಾಣುವುದೇ ಇಲ್ಲ. ಮೇ ತಿಂಗಳಲ್ಲಿ ಹೋಗುವವರಿಗೆ ನನ್ನ ಸಲಹೆ ಏನೂ ಇಲ್ಲ, ಅನುಕಂಪ ಇದೆ.

ನಾವು ಹೋದಾಗ ಭಾರತೀಯರಿಗೆ ಟಿಕೆಟ್ 50 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಫೋನಲ್ಲೇ ಟಿಕೆಟ್ ತೆಗೆದುಕೊಂಡರೆ ಸರದಿಯಲ್ಲಿ ನಿಲ್ಲುವ ಕೆಲಸ ಇರಲ್ಲ. ಊಟ ಮಾಡಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು ಹೋಗಿ. ಒಳಗೆ ತಿನ್ನೋಕೆ ಏನಾದರೂ ಸಿಗುತ್ತೆ ಅಂತ ನಂಬಬೇಡಿ.

ಒಳಗೆ ಹೋಗುವುದು ದಕ್ಷಿಣದ ಅಮರ್ ಸಿಂಗ್ ದರ್ವಾಜಾದಿಂದ. ಅದರ ಹೊರಗೆ ಕುದುರೆ ಮೇಲೆ ಕೂತ ಶಿವಾಜಿಯ ದೊಡ್ಡ ಪ್ರತಿಮೆ ಇದೆ. 1666ರ ಮೇ ತಿಂಗಳಲ್ಲಿ ಶಿವಾಜಿ ಔರಂಗಜೇಬನ ದರ್ಬಾರಿಗೆ ಬಂದದ್ದು ಇದೇ ಕೋಟೆಗೆ. ಅವಮಾನ ಆಯಿತು ಅಂತ ಸಿಡಿದು ಹೊರಬಂದರು. ಕಾವಲಿನಲ್ಲಿಟ್ಟರು. ಆಗಸ್ಟ್‌ನಲ್ಲಿ ಆಗ್ರಾದಿಂದಲೇ ತಪ್ಪಿಸಿಕೊಂಡರು. ಅವ್ವ ಪ್ರತಿಮೆ ನೋಡಿ, "ಇವರ ಅಪ್ಪಂದೇ ಅಲ್ವೇನೋ ನಮ್ಮ ಹೊದಿಗೆರೆಯಲ್ಲಿರೋದು?" ಅಂದಳು. ಹೌದು. ಶಿವಾಜಿಯ ತಂದೆ ಶಹಾಜಿ ತೀರಿಕೊಂಡದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ, 1664ರಲ್ಲಿ. ಸಮಾಧಿ ಅಲ್ಲೇ ಇದೆ. ಅಂದರೆ ಅಪ್ಪ ನಮ್ಮೂರ ಪಕ್ಕ ಕಣ್ಣು ಮುಚ್ಚಿ ಎರಡು ವರ್ಷಕ್ಕೆ ಮಗ ಈ ಬಾಗಿಲ ಮುಂದೆ ನಿಂತಿದ್ದ. ಇಷ್ಟು ದೂರ ಬಂದರೂ ಅವ್ವನಿಗೆ ತಾಲ್ಲೂಕು ಬಿಟ್ಟು ಹೋದ ಹಾಗೆ ಆಗಲಿಲ್ಲ.

ಈಗ ಗೋಡೆ. ಇಲ್ಲಿ ಹಿಂದೆ ಬಾದಲ್‌ಗಢ ಅಂತ ಇಟ್ಟಿಗೆಯ ಹಳೇ ಕೋಟೆ ಇತ್ತು. ಅದು ಶಿಥಿಲ ಆಗಿತ್ತು. ಅಕ್ಬರ್ 1565ರಲ್ಲಿ ಹೊಸದಾಗಿ ಶುರು ಮಾಡಿದ, 1573ರ ಹೊತ್ತಿಗೆ ಮುಗಿಸಿದ. ಎಂಟು ವರ್ಷ. ಸುತ್ತಳತೆ ಸುಮಾರು ಎರಡೂವರೆ ಕಿಲೋಮೀಟರ್. ಎತ್ತರ 70 ಅಡಿ. ನಮ್ಮ ಕಡೆ ಒಂದು ಕಾಂಪೌಂಡಿಗೆ ಎಂಟು ತಿಂಗಳು ಎಳೆಯುವವರಿದ್ದಾರೆ, ಹೆಸರು ಬೇಡ.

ಹೊರಗಿನಿಂದ ಕಾಣುವುದು ಕೆಂಪು ಮರಳುಗಲ್ಲು. ಒಳಗಿನ ಹೊಟ್ಟೆಯೆಲ್ಲ ಇಟ್ಟಿಗೆ. ಅಕ್ಬರನ ಆಸ್ಥಾನದಲ್ಲಿದ್ದ ಅಬುಲ್ ಫಜಲ್, ಕಲ್ಲು ಕಲ್ಲಿಗೆ ಕಬ್ಬಿಣದ ಕೊಂಡಿ ಹಾಕಿ ಬಿಗಿದಿದ್ದಾರೆ, ಸಂದಿಯಲ್ಲಿ ಕೂದಲೂ ತೂರುವುದಿಲ್ಲ ಅಂತ ಬರೆದಿಟ್ಟಿದ್ದಾನೆ. ಆಸ್ಥಾನದವರು ಬರೆಯೋದೇ ಹಾಗೆ ಅಂತ ನನಗೆ ಅನುಮಾನ. ಬಾಗಿಲ ಪಕ್ಕದ ಗೋಡೆಗೆ ಉಗುರು ಇಟ್ಟು ನೋಡಿದೆ. ಹಳೇ ಕಲ್ಲು ಉಳಿದಿರುವ ಕಡೆ ಉಗುರು ಸಿಗಲಿಲ್ಲ. ರಿಪೇರಿ ಮಾಡಿದ ಕಡೆ ಚೆನ್ನಾಗಿಯೇ ಸಿಕ್ಕಿತು. ಎಲ್ಲಿ ಹಳೆಯದು, ಎಲ್ಲಿ ಹೊಸದು ಅಂತ ತಿಳಿಯಲು ಬಣ್ಣ ನೋಡುವುದೇ ಬೇಡ, ಸಂದಿ ನೋಡಿದರೆ ಸಾಕು.

ಮರಳುಗಲ್ಲಿಗೆ ಒಂದು ಗುಣ ಇದೆ. ಅದು ಪದರ ಪದರವಾಗಿ ಕೂತು ಆದ ಕಲ್ಲು. ನೆಲದಲ್ಲಿ ಪದರ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಿಸಬೇಕು. ನಿಲ್ಲಿಸಿ ಕೂರಿಸಿದರೆ ಮಳೆ ಬಿಸಿಲಿಗೆ ಮುಖದ ಚಕ್ಕೆ ಏಳುತ್ತದೆ. ಕೋಟೆಯ ಗೋಡೆ, ಕಂಬಗಳನ್ನು ಗಮನಿಸಿ ನೋಡಿದರೆ ಕೆಲವು ಕಡೆ ಹಪ್ಪಳದ ಹಾಗೆ ಚಕ್ಕೆ ಎದ್ದಿರುವುದು ಕಾಣುತ್ತದೆ. ಪಕ್ಕದ ಕಲ್ಲು ಮಾತ್ರ ನಿನ್ನೆ ಕೆತ್ತಿದಂತೆ ಇರುತ್ತದೆ. ನಮ್ಮ ಸೈಜುಗಲ್ಲಿಗೆ ಈ ತಲೆನೋವಿಲ್ಲ. ಆದರೆ ನಮ್ಮ ಸೈಜುಗಲ್ಲಲ್ಲಿ ಇವರು ಮಾಡಿದಂಥ ನಾಜೂಕು ಕೆಲಸ ಮಾಡೋದೂ ಅಷ್ಟು ಸುಲಭ ಅಲ್ಲ.

ಕಂದಕ ದಾಟಿದ ಮೇಲೆ ದಾರಿ ನೇರ ಇಲ್ಲ. ಒಂದು ಬಾಗಿಲು, ಆಮೇಲೆ ತಿರುವು, ಮತ್ತೆ ಬಾಗಿಲು. ನುಗ್ಗಿ ಬಂದ ಆನೆಗೆ ಓಡಿ ಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು, ಅದು ಉಪಾಯ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಇದು ಹೊಸದಲ್ಲ. ಒಳಬಾಗಿಲ ಮೇಲೆ ನೀಲಿ, ಹಸಿರು, ಹಳದಿ ಹೊಳಪು ಹೆಂಚಿನ ತುಂಡುಗಳು ಇನ್ನೂ ಅಂಟಿಕೊಂಡಿವೆ. ಎಲ್ಲರೂ ಅದರ ಕೆಳಗೇ ಹಾದು ಹೋಗುತ್ತಾರೆ, ತಲೆ ಎತ್ತುವುದಿಲ್ಲ. ನೀವು ಎತ್ತಿ. ಅಷ್ಟು ವರ್ಷದ ಬಿಸಿಲಿಗೆ ಬಣ್ಣ ಹೋಗಿಲ್ಲ.

ಅಲ್ಲಿಂದ ಎರಡೂ ಕಡೆ ಎತ್ತರದ ಗೋಡೆ ಇರುವ ಏರು ದಾರಿ. ಜಾರದಂತೆ ಒರಟು ಕಲ್ಲು ಹಾಸಿದ್ದಾರೆ. ಮೆಟ್ಟಿಲು ಇಲ್ಲ ಅನ್ನುವುದು ಅವ್ವನಿಗೆ ಸಮಾಧಾನ. ಆದರೆ ಏರು ಸಣ್ಣದಲ್ಲ. ನಡುವೆ ಎರಡು ಸಲ ನಿಂತಳು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇಲ್ಲಿ ಅವಸರ ಮಾಡಬೇಡಿ. ಮೇಲೆ ಹತ್ತಿದ ಮೇಲೆ ಹುಲ್ಲುಹಾಸು, ಮರದ ನೆರಳು ಇದೆ. ಅಲ್ಲಿಂದ ಮುಂದೆ ಬಹುತೇಕ ಸಮತಟ್ಟು.

ಬಲಗಡೆ ಜಹಾಂಗೀರಿ ಮಹಲ್. ಹೆಸರು ಮಗನದ್ದು, ಕಟ್ಟಿಸಿದ್ದು ಅಪ್ಪ ಅಕ್ಬರ್. ರಾಣಿವಾಸ. ಎದುರಿಗೆ ಒಂದೇ ಕಲ್ಲಲ್ಲಿ ಕಡೆದ ದೊಡ್ಡ ಬಾನಿ ಇದೆ. ಸುಮಾರು 5 ಅಡಿ ಎತ್ತರ, 8 ಅಡಿ ಅಗಲ. ಹೊರಗಿನಿಂದ ಹತ್ತಲು ಮೆಟ್ಟಿಲು, ಒಳಗೆ ಇಳಿಯಲು ಮೆಟ್ಟಿಲು, ಎಲ್ಲವೂ ಅದೇ ಕಲ್ಲಲ್ಲಿ. ಹೊರಮೈ ಮೇಲೆ ಪಾರಸಿ ಅಕ್ಷರ. ಇದು ಮಾತ್ರ ನಿಜವಾಗಿ ಜಹಾಂಗೀರನದ್ದು, 1610ರ ಸುಮಾರಿನದು. ನೂರ್ ಜಹಾನ್ ಇದರಲ್ಲಿ ಗುಲಾಬಿ ನೀರು ತುಂಬಿಸಿ ಸ್ನಾನ ಮಾಡುತ್ತಿದ್ದಳು ಅಂತ ಒಬ್ಬ ಗೈಡ್ ತನ್ನ ಗುಂಪಿಗೆ ಹೇಳುತ್ತಿದ್ದ. ಮಗಳು ಮೆಲ್ಲಗೆ, "ಅಪ್ಪಾ, ಆ ನೀರು ಖಾಲಿ ಮಾಡೋಕೆ ಯಾರು ಬರ್ತಿದ್ರು?" ಅಂದಳು. ಮೇಸ್ತ್ರಿ ಮನೆತನದ ಪ್ರಶ್ನೆ.

ಈ ಮಹಲಿಗೆ ಅರ್ಧ ಗಂಟೆಯಾದರೂ ಕೊಡಿ. ಮುಂದಿನ ಗೋಡೆಯ ಮೇಲೆ ಕೆಂಪು ಕಲ್ಲಿನ ನಡುವೆ ಬಿಳಿ ಅಮೃತಶಿಲೆಯ ಗೆರೆ ಕೂರಿಸಿ ಚಿತ್ತಾರ ಮಾಡಿದ್ದಾರೆ. ಆರು ಮೂಲೆಯ ನಕ್ಷತ್ರಗಳೂ ಇವೆ. ಬಾಗಿಲು ದಾಟಿದರೆ ಅಂಗಳ ನೇರ ಕಾಣುವುದಿಲ್ಲ, ದಾರಿ ಬಳಸಿಕೊಂಡು ಹೋಗಬೇಕು. ಹೊರಗಿನವರ ಕಣ್ಣು ಒಳಗೆ ಬೀಳಬಾರದು. ಆಮೇಲೆ ಚೌಕ ಅಂಗಳ. ನಮ್ಮ ತೊಟ್ಟಿಮನೆಯಲ್ಲಿ ಬೆಳೆದ ಅವ್ವ ಅಲ್ಲಿಗೆ ಬಂದ ಕೂಡಲೇ ಕಂಬದ ಬುಡದಲ್ಲಿ ಕೂತುಬಿಟ್ಟಳು, ತನ್ನದೇ ಮನೆ ಅನ್ನುವ ಹಾಗೆ.

ಅಂಗಳದ ಸುತ್ತ ಇರುವುದು ಕಮಾನಿನ ಕೆಲಸ ಅಲ್ಲ. ಕಂಬ, ಅದರ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಾಚೆಗೆ ಚಾಚಿದ ಸಜ್ಜಾ. ಮರದಲ್ಲಿ ಕಟ್ಟುವ ಪದ್ಧತಿಯನ್ನು ಹಾಗೇ ಕಲ್ಲಿಗೆ ಇಳಿಸಿದ್ದಾರೆ. ಇಲ್ಲಿ ಬಂಗಾಳ, ಗುಜರಾತ್ ಶೈಲಿಯ ಐನೂರು ಕಟ್ಟಡ ಕಟ್ಟಿಸಿದರು ಅಂತಲೂ ಅಬುಲ್ ಫಜಲ್ ಹೇಳುತ್ತಾನೆ. ಈ ಅಂಗಳ ನೋಡಿದರೆ ಗುಜರಾತಿನ ಕೈ ಇದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಸಜ್ಜಾದ ಕಲ್ಲು ಗೋಡೆಯಿಂದ ಅಷ್ಟು ದೂರ ಚಾಚಬೇಕಾದರೆ ಭಾರ ಹೊರುವುದು ಈ ಬೋದಿಗೆಗಳೇ. ಅಂದರೆ ಇಲ್ಲಿ ಅಲಂಕಾರ ಅಂತ ಕಾಣುವುದೆಲ್ಲ ಕೆಲಸಕ್ಕೆ ಬರುವ ಭಾಗ. ಬಿಸಿಲೂ ಮಳೆಯೂ ಗೋಡೆಗೆ ತಾಗದ ಹಾಗೆ ನೋಡಿಕೊಳ್ಳುವುದು ಸಜ್ಜಾ. ಅದನ್ನು ಎತ್ತಿ ಹಿಡಿಯುವುದು ಬೋದಿಗೆ. ಹೇಗೂ ಇಡಬೇಕು, ಚೆಂದ ಮಾಡಿಯೇ ಇಡೋಣ ಅಂತ ಅದರ ಮೇಲೆ ಹೂವು, ಬಳ್ಳಿ, ಇಳಿಬಿದ್ದ ಮೊಗ್ಗು. ಈಗಿನ ಮನೆಗಳಲ್ಲಿ ನಾವು ಸಜ್ಜಾವನ್ನು ಒಂದೂವರೆ ಅಡಿಗೆ ಕತ್ತರಿಸಿ, ಗೋಡೆ ನೆನೆದ ಮೇಲೆ ವಾಟರ್ ಪ್ರೂಫ್ ಪೇಂಟಿಗೆ ದುಡ್ಡು ಸುರಿಯುತ್ತೇವೆ.

ಉತ್ತರದ ಕೋಣೆಯ ಚಾವಣಿ ತಪ್ಪದೇ ನೋಡಿ. ಗೋಡೆಯಿಂದ ಓರೆಯಾಗಿ ಮೇಲೆದ್ದ ಕಲ್ಲಿನ ಆಸರೆಗಳು ಮೇಲಿನ ಚಪ್ಪಟೆ ಹಾಸುಗಲ್ಲನ್ನು ಹೊತ್ತು ನಿಂತಿವೆ. ಅವುಗಳ ಮೈಮೇಲೆ ಯಾಳಿಯಂಥ ಪ್ರಾಣಿಯ ತಲೆ ಕೆತ್ತಿದ್ದಾರೆ. ಕಲ್ಲಿಗೆ ಒತ್ತುವ ಭಾರ ತಡೆಯುವ ಶಕ್ತಿ ಇದೆ, ಬಗ್ಗಿದರೆ ಮುರಿಯುತ್ತದೆ. ಅದಕ್ಕೇ ಓರೆ ಆಸರೆ ಕೊಟ್ಟು ನಡುವಿನ ಅಗಲ ಕಡಿಮೆ ಮಾಡಿದ್ದಾರೆ. ಕಬ್ಬಿಣದ ಕಂಬಿ ಇಲ್ಲ, ಸಿಮೆಂಟ್ ಇಲ್ಲ. ನಾನು ಕತ್ತು ನೋಯುವವರೆಗೂ ನೋಡಿದೆ. "ರೀ, ಎಲ್ಲರೂ ಮುಂದೆ ಹೋದ್ರು, ಇನ್ನೆಷ್ಟು ಹೊತ್ತು ಆ ಸೂರು ನೋಡ್ತೀರಿ?" ಅಂತ ಹೆಂಡತಿ ಕೈ ಹಿಡಿದು ಎಳೆದಳು.

ಮುಂದೆ ಬಣ್ಣ ಬದಲಾಗುತ್ತದೆ. ಕೆಂಪಿನಿಂದ ಬಿಳಿಗೆ. ಮೊಮ್ಮಗ ಷಾಜಹಾನನಿಗೆ ತಾತನ ಕೆಂಪು ಕಲ್ಲು ರುಚಿಸಲಿಲ್ಲ. ಕೆಲವು ಕಟ್ಟಡ ಕೆಡವಿಸಿ ಅಮೃತಶಿಲೆಯಲ್ಲಿ ಹೊಸದು ಕಟ್ಟಿಸಿದ. ಖಾಸ್ ಮಹಲ್, ಅದರ ಎರಡೂ ಪಕ್ಕ ಬಾಗಿದ ಚಾವಣಿಯ ಮಂಟಪ, ಮುಂದೆ ಅಂಗೂರಿ ಬಾಗ್ ಅನ್ನುವ ತೋಟ. ಆ ಬಾಗಿದ ಚಾವಣಿ ಬಂಗಾಳದ ಬಿದಿರು ಗುಡಿಸಲಿನದು. ಮಳೆ ಜಾಸ್ತಿ ಇರುವ ನಾಡಿನಲ್ಲಿ ನೀರು ಜಾರಿ ಹೋಗಲಿ ಅಂತ ಬಿದಿರು ಬಗ್ಗಿಸಿ ಮಾಡುತ್ತಿದ್ದದ್ದು, ಇಲ್ಲಿ ಚಿನ್ನದ ನೀರು ಕುಡಿದು ಬಾದಶಾಹನ ಮಕ್ಕಳ ತಲೆ ಮೇಲೆ ಕೂತಿದೆ. ತೋಟದ ಮಣ್ಣು ಕಾಶ್ಮೀರದಿಂದ ತರಿಸಿದ್ದು ಅಂತ ಗೈಡುಗಳು ಹೇಳುತ್ತಾರೆ. ಹೇಳಲಿ ಬಿಡಿ.

ಅಮೃತಶಿಲೆಯ ಈ ಭಾಗ ಫೋಟೋಗೆ ಚೆನ್ನ. ನನಗೆ ಹಿಡಿಸಿದ್ದು ಜಾಲಂಧ್ರಗಳು. ಇಡೀ ಹಲಗೆಯನ್ನು ಕೊರೆದು ತೂತು ಮಾಡಿದ ಕಿಟಕಿ. ನದಿ ಕಡೆಯ ಒಂದು ಜಾಲಂಧ್ರದ ಹತ್ತಿರ ಅಂಗೈ ಒಡ್ಡಿ ನಿಂತೆ. ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ, ತೂತಿನಿಂದ ಮಾತ್ರ ಗಾಳಿ ಬರುತ್ತಿತ್ತು. ಬಿಸಿಲು ಒಳಗೆ ಬಿದ್ದರೂ ಸಣ್ಣ ಸಣ್ಣ ಚುಕ್ಕಿಯಾಗಿ ಬೀಳುತ್ತದೆ, ನೆಲ ಕಾಯುವುದಿಲ್ಲ. ಆಗ ಯಮುನೆ ಗೋಡೆಯ ಬುಡದಲ್ಲೇ ಹರಿಯುತ್ತಿತ್ತು. ಈಗ ದೂರ ಸರಿದಿದೆ, ನಡುವೆ ರಸ್ತೆ ಬಂದಿದೆ. ನೀರಿನ ಮೇಲಿಂದ ಬಂದ ಗಾಳಿ ಇದರೊಳಗೆ ತೂರಿದರೆ ಹೇಗಿರುತ್ತಿತ್ತು ಅಂತ ಲೆಕ್ಕ ಹಾಕಿಕೊಳ್ಳಿ.

ಆ ನೀರಿನ ವಿಷಯ ಗೈಡುಗಳು ಯಾಕೋ ಹೇಳುವುದಿಲ್ಲ. 1658ರಲ್ಲಿ ಔರಂಗಜೇಬ್ ಅಪ್ಪನ ಮೇಲೆ ತಿರುಗಿಬಿದ್ದು ಕೋಟೆಗೆ ಮುತ್ತಿಗೆ ಹಾಕಿದ. 70 ಅಡಿ ಗೋಡೆ, ಕಂದಕ, ತಿರುವು ಬಾಗಿಲು, ಮೇಲೆ ಫಿರಂಗಿ. ಒಡೆಯಲು ಆಗಲಿಲ್ಲ. ಆಮೇಲೆ ನದಿ ಕಡೆಯ ಖಿಜ್ರಿ ದರ್ವಾಜಾ ಹಿಡಿದು ಯಮುನೆಯ ನೀರು ಒಳಗೆ ಹೋಗದಂತೆ ತಡೆದ. ಜೂನ್ ತಿಂಗಳು, ಉತ್ತರದ ಸೆಕೆ. ಒಳಗಿನ ಬಾವಿ ನೀರು ಉಪ್ಪು. ಷಾಜಹಾನ್ ಕೆಲವೇ ದಿನಕ್ಕೆ ಬಾಗಿಲು ತೆರೆದ. ಅಷ್ಟೆಲ್ಲ ಖರ್ಚು ಮಾಡಿ ಕಟ್ಟಿದ ಕೋಟೆಯನ್ನು ಗೆದ್ದದ್ದು ಒಂದು ನೀರಿನ ಲೈನ್ ಕಟ್ ಮಾಡಿ! ಸೈಟ್ ತೋರಿಸೋಕೆ ಬಂದವರಿಗೆ ನಾನು ಮೊದಲು ಕೇಳುವುದು ಬೋರು ಎಷ್ಟು ಅಡಿಗೆ ಬಿದ್ದಿದೆ, ನೀರು ಸಿಹಿಯಾ ಸವುಳಾ ಅಂತ. ಇನ್ನು ಮೇಲೆ ಈ ಕಥೆಯನ್ನೂ ಸೇರಿಸಿ ಹೇಳಬಹುದು.

ಆಮೇಲೆ ಸುಮಾರು ಏಳೂವರೆ ವರ್ಷ ಷಾಜಹಾನ್ ಇಲ್ಲೇ ಸೆರೆಯಲ್ಲಿದ್ದ. ಮಗಳು ಜಹನಾರಾ ಜೊತೆಗಿದ್ದಳು. 1666ರ ಜನವರಿಯಲ್ಲಿ ತೀರಿಕೊಂಡ. ಮುಸಮ್ಮನ್ ಬುರ್ಜ್ ಅನ್ನುವ ಎಂಟು ಮೂಲೆಯ ಗೋಪುರವನ್ನು ಎಲ್ಲರೂ ತೋರಿಸುತ್ತಾರೆ. ಅಲ್ಲಿಂದ ತಾಜ್ ಕಾಣುತ್ತದೆ. ಹೆಂಡತಿ ಮುಮ್ತಾಜ್ 1631ರಲ್ಲಿ ತೀರಿಕೊಂಡದ್ದು ಬುರ್ಹಾನ್‌ಪುರದಲ್ಲಿ. ಬೆಂಗಳೂರಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ಆ ಊರಿನ ಮೇಲೇ ಹಾದು ಬರುತ್ತಾರೆ. ಗೋಪುರದ ಒಳಗೆ ನಾವು ಹೋದಾಗ ಬಿಡುತ್ತಿರಲಿಲ್ಲ. ಹೊರಗಿನಿಂದಲೇ ನೋಡಿದೆವು. ಅಮೃತಶಿಲೆಯಲ್ಲಿ ಹೂವಿನ ಆಕಾರ ಕೊರೆದು, ಬಣ್ಣದ ಕಲ್ಲು ಕತ್ತರಿಸಿ ಕೂರಿಸಿದ ಕೆಲಸ. ಕೆಲವು ಹೂಗಳಲ್ಲಿ ಕಲ್ಲು ಇಲ್ಲ, ಬರೀ ಗುಳಿ ಇದೆ. ಯಾರೋ ಯಾವಾಗಲೋ ಕಿತ್ತುಕೊಂಡಿದ್ದಾರೆ. ಗುಳಿ ಇರುವುದರಿಂದ ಒಂದು ಉಪಕಾರ ಆಗಿದೆ. ಕಲ್ಲು ಕೂರಿಸಲು ಎಷ್ಟು ಆಳ ಕೊರೆದಿದ್ದರು ಅಂತ ಗೊತ್ತಾಗುತ್ತದೆ.

ದಿವಾನ್-ಇ-ಖಾಸ್ ಅನ್ನುವ ಖಾಸಗಿ ಸಭಾಂಗಣದ ಪಕ್ಕದ ಜಗಲಿಯ ಮೇಲೆ ಕರಿಕಲ್ಲಿನ ಸಿಂಹಾಸನ ಇದೆ. ಜಹಾಂಗೀರ್ ಇನ್ನೂ ರಾಜಕುಮಾರ ಸಲೀಮ್ ಆಗಿದ್ದಾಗ, ಅಪ್ಪನ ಮೇಲೆ ದಂಗೆ ಎದ್ದು ಅಲಹಾಬಾದಿನಲ್ಲಿ ಕೂತು, 1602ರಲ್ಲಿ ಮಾಡಿಸಿಕೊಂಡದ್ದು. ಈ ಮನೆತನದಲ್ಲಿ ಅಪ್ಪನ ಮೇಲೆ ತಿರುಗಿಬೀಳುವುದು ಔರಂಗಜೇಬನಿಂದ ಶುರುವಾದದ್ದಲ್ಲ. ಕಲ್ಲಿನಲ್ಲಿ ಬಿರುಕಿದೆ, ಒಂದು ಕಡೆ ಕೆಂಪು ಕಲೆ ಇದೆ. ಭರತಪುರದ ಜಾಟ ರಾಜ ಇದರ ಮೇಲೆ ಕೂತಾಗ ಕಲ್ಲು ಸೀಳಿ ರಕ್ತ ಬಂತು ಅಂತ ಕಥೆ. ಜಾಟರು 1761ರಿಂದ ಕೆಲವು ವರ್ಷ ಕೋಟೆಯನ್ನು ಹಿಡಿದಿದ್ದದ್ದು ನಿಜ. ರಕ್ತ ಮಾತ್ರ ಕಲ್ಲಿನೊಳಗಿನ ಕಬ್ಬಿಣದ ಅಂಶ. ಗ್ರಾನೈಟ್ ಅಂಗಡಿಯಲ್ಲಿ ಇಂಥ ಕಲೆ ಇರುವ ಸ್ಲ್ಯಾಬಿಗೆ ರೇಟು ಕಡಿಮೆ ಮಾಡುತ್ತಾರೆ.

ಸುಳ್ಳಿನ ವಿಷಯ ಬಂತಲ್ಲ, ಒಂದು ಕೋಣೆಯಲ್ಲಿ ಎತ್ತರದ ಮರದ ಬಾಗಿಲು ಇಟ್ಟಿದ್ದಾರೆ. 1842ರಲ್ಲಿ ಬ್ರಿಟಿಷರು ಅಫ್ಘಾನಿಸ್ತಾನದ ಘಜ್ನಿಯಲ್ಲಿ ಮಹಮೂದನ ಗೋರಿಯಿಂದ ಕಿತ್ತು ತಂದದ್ದು. ಸೋಮನಾಥದ ಶ್ರೀಗಂಧದ ಬಾಗಿಲು ವಾಪಸು ತಂದೆವು ಅಂತ ಗವರ್ನರ್ ಜನರಲ್ ಎಲೆನ್‌ಬರೋ ಡಂಗುರ ಹೊಡೆಸಿದ. ನೋಡಿದರೆ ಗಂಧವೂ ಅಲ್ಲ, ಗುಜರಾತಿನದೂ ಅಲ್ಲ. ಆ ಕಡೆಯದೇ ದೇವದಾರು ಮರ. ಸೋಮನಾಥಕ್ಕೆ ಒಯ್ಯುವಂತಿಲ್ಲ, ವಾಪಸು ಕಳಿಸುವಂತಿಲ್ಲ. ಆಗ್ರಾದಲ್ಲೇ ಉಳಿಯಿತು. ಬಡಗಿ ಕೆಲಸ ಮಾತ್ರ ಗಟ್ಟಿ. ಸಣ್ಣ ಸಣ್ಣ ಬಹುಕೋನದ ಹಲಗೆಗಳನ್ನು ಜೋಡಿಸಿ ಮಾಡಿದ್ದಾರೆ.

ಈಗ ನನಗೆ ಕೋಟೆಯಲ್ಲೇ ಅತಿ ಇಷ್ಟವಾದ ಜಾಗ, ದಿವಾನ್-ಇ-ಆಮ್. ಷಾಜಹಾನ್ ಜನರಿಗೆ ದರ್ಶನ ಕೊಡುತ್ತಿದ್ದ ಸಭಾಂಗಣ. ಉದ್ದ 201 ಅಡಿ, ಅಗಲ 67 ಅಡಿ. ಮುಂದೆ ಒಂಬತ್ತು ಕಮಾನು, ಹಿಂದಕ್ಕೆ ಮೂರು ಸಾಲು. ದೂರದಿಂದ ನೋಡಿದರೆ ಇಡೀ ಕಟ್ಟಡ ಅಮೃತಶಿಲೆ ಅನ್ನಿಸುತ್ತದೆ. ಅಲ್ಲ. ಒಳಗೆ ಅದೇ ಕೆಂಪು ಮರಳುಗಲ್ಲು, ಮೇಲೆ ಸುಣ್ಣದ ಗಾರೆ. ಅಷ್ಟು ನಯವಾಗಿ ತೀಡಿದ್ದಾರೆ. ನಾನು ಕಂಬದ ಹತ್ತಿರ ಹೋಗಿ ಓರೆಯಿಂದ ಬಿಸಿಲಿಗೆ ನೋಡಿದೆ. ಕರಣೆಯ ಗುರುತು ಇಲ್ಲ. ಅಲೆ ಇಲ್ಲ. ಕಂಬಕ್ಕೆ ಮೂಲೆ ಮೂಲೆ ಜಾಸ್ತಿ. ಪ್ರತಿ ಮೂಲೆಯೂ ನೇರ. ಗಾರೆಯಲ್ಲಿ ಮೂಲೆ ಎಳೆಯುವುದು ಎಷ್ಟು ಕಷ್ಟ ಅಂತ ಎಳೆದವರಿಗೆ ಗೊತ್ತು. ಒಂದು ಕಡೆ ಗಾರೆ ಚಕ್ಕೆ ಬಿದ್ದು ಒಳಗಿನ ಕೆಂಪು ಇಣುಕುತ್ತಿತ್ತು. ಮೇಲಿನ ನಯ ಪದರ ಬಲು ತೆಳು, ಉಗುರಿನ ದಪ್ಪ ಇರಬಹುದು ಅಷ್ಟೇ.

ಅಜ್ಜ ಹೇಳುತ್ತಿದ್ದರು. ಸುಣ್ಣ ತಿಂಗಳುಗಟ್ಟಲೆ ಕೊಳೆಯಬೇಕು. ಗಾಣದಲ್ಲಿ ಎತ್ತು ಕಟ್ಟಿ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕಬೇಕು. ಕೊನೆಯ ಪದರ ಆರುವ ಮುಂಚೆ ನುಣುಪು ಕಲ್ಲಿನಿಂದ ಉಜ್ಜುತ್ತಲೇ ಇರಬೇಕು, ಕೈ ಮುಖ ಕಾಣುವವರೆಗೂ. ಅವರು ಮಾಡಿದ ಗಾರೆ ನೆಲ ನಮ್ಮ ಹಳೇ ಮನೆಯಲ್ಲಿತ್ತು. ಟೈಲ್ಸ್ ಹಾಕಿಸುವಾಗ ಅಗೆಸಿದೆವು. ಇಲ್ಲಿ ಬಳಸಿದ ಪಾಕ ಅದೇ ಅಂತ ನಾನು ಹೇಳಲಾರೆ. ಕೈಚಳಕ ಅದೇ ಜಾತಿಯದು. ರಾಜಸ್ಥಾನದ ಮಕ್ರಾನಾದಿಂದ ಅಮೃತಶಿಲೆ ತರಿಸುವ ತಾಕತ್ತು ಇದ್ದವನೂ ಇಷ್ಟು ದೊಡ್ಡ ಸಭಾಂಗಣಕ್ಕೆ ಗಾರೆ ಮೇಸ್ತ್ರಿಯನ್ನು ನಂಬಿದ ಅನ್ನುವುದು ನನಗೆ ಖುಷಿ ಕೊಟ್ಟಿತು. ಬ್ರಿಟಿಷರು ಇದನ್ನು ಕೆಲಕಾಲ ಮದ್ದುಗುಂಡಿನ ಉಗ್ರಾಣ ಮಾಡಿಕೊಂಡಿದ್ದರು. ಎದುರಿನ ಅಂಗಳದಲ್ಲಿ 1857ರ ದಂಗೆ ಸಮಯದಲ್ಲಿ ಕೋಟೆಯೊಳಗೇ ತೀರಿಕೊಂಡ ಲೆಫ್ಟಿನೆಂಟ್ ಗವರ್ನರ್ ಕಾಲ್ವಿನ್‌ನ ಗೋರಿ ಇದೆ. ಚರ್ಚಿನ ಚೂಪು ತಲೆಯ ಆ ಗೋರಿ ಅಲ್ಲಿಗೆ ಒಂಚೂರೂ ಹೊಂದುವುದಿಲ್ಲ.

ಇನ್ನು ಆ ಅರ್ಧ ಅಂಕ. ಕನ್ನಡಿ ತುಂಡು ಕೂರಿಸಿದ ಶೀಶ್ ಮಹಲಿಗೆ ಬೀಗ. ಮೋತಿ ಮಸೀದಿಗೆ ಬೀಗ. ಕೋಟೆಯ ದೊಡ್ಡ ಪಾಲು ಸೈನ್ಯದ ಕೈಯಲ್ಲಿದೆ, ಅಲ್ಲಿಗೆ ಬಿಡುವುದಿಲ್ಲ. ಸೈನ್ಯದ ವಿಷಯ ಒಪ್ಪೋಣ. ಕನ್ನಡಿ ತುಂಡು ಕಿತ್ತುಕೊಂಡು ಹೋಗುವ ಜನ ಇದ್ದಾರೆ, ಅದನ್ನೂ ಒಪ್ಪೋಣ. ಆದರೆ ಒಳಗೆ ಏನಿದೆ ಅಂತ ಬಾಗಿಲ ಹೊರಗೆ ಒಂದು ಒಳ್ಳೆಯ ದೊಡ್ಡ ಚಿತ್ರವನ್ನಾದರೂ ಹಾಕಬಹುದಲ್ವಾ? ನಾಮಫಲಕಗಳಲ್ಲಿ ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು ಅಷ್ಟೇ ಇದೆ. ಹೇಗೆ ಕಟ್ಟಿದರು ಅನ್ನುವುದು ಎಲ್ಲೂ ಇಲ್ಲ.

ಗೈಡ್ ಬೇಕಾ ಅಂದರೆ, ಗುರುತಿನ ಚೀಟಿ ಇರುವವರನ್ನೇ ಹಿಡಿಯಿರಿ. ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಮೊದಲೇ ಮಾತಾಡಿ. ನಮಗೆ ಸಿಕ್ಕವನು ಜಹಾಂಗೀರಿ ಮಹಲನ್ನು ಹತ್ತೇ ನಿಮಿಷದಲ್ಲಿ ಮುಗಿಸಿ, ಹೊರಗೆ ಅಮೃತಶಿಲೆ ಅಂಗಡಿಗೆ ಕರೆದೊಯ್ಯುವ ಆತುರದಲ್ಲಿದ್ದ. ಹೆಂಡತಿ ಅವನ ಲೆಕ್ಕ ಚುಕ್ತಾ ಮಾಡಿ ಕಳಿಸಿದಳು. ಆಮೇಲೆಯೇ ನಾವು ನಿಜವಾಗಿ ಕೋಟೆ ನೋಡಿದ್ದು. ಅಂಗಡಿಗಳಲ್ಲಿ ಅಮೃತಶಿಲೆ ಅಂತ ಮಾರುವ ಸಣ್ಣ ತಾಜ್‌ಗಳು ಬಹಳಷ್ಟು ಮೆದು ಬಳಪದ ಕಲ್ಲು. ಉಗುರಿನಿಂದ ಕೆರೆದು ನೋಡಿ. ಗೀರು ಬಿದ್ದರೆ ಅದು ಅಮೃತಶಿಲೆ ಅಲ್ಲ. ಅಂಗಡಿಯವರು ಬೈದರೆ ಇನ್ನೂ ಖಾತ್ರಿ.

ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿಯಬೇಡಿ. ಅಳಿಲುಗಳು ಮಾತ್ರ ಮೈಮೇಲೆ ಹತ್ತುವಷ್ಟು ಸಲುಗೆ. ಮಗಳ ಫೋನ್ ತುಂಬ ಅವೇ.

ಬರುವ ದಾರಿ: ಕರ್ನಾಟಕ ಎಕ್ಸ್‌ಪ್ರೆಸ್ ಆಗ್ರಾ ಕ್ಯಾಂಟ್‌ನಲ್ಲಿ ನಿಲ್ಲುತ್ತದೆ. ತಾಜ್ ಕಡೆಯಿಂದ ಬರುವವರಿಗೆ 2024ರಿಂದ ಮೆಟ್ರೋ ಇದೆ, ಆಗ್ರಾ ಕೋಟೆಗೇ ಒಂದು ನಿಲ್ದಾಣ ಇದೆ. ಆಟೋದವರ ಜೊತೆ ಚೌಕಾಸಿ ಮಾಡುವ ಶಕ್ತಿ ಇಲ್ಲದವರು ಅದನ್ನೇ ಹಿಡಿಯಿರಿ. ಸಮಯ ಇದ್ದರೆ ಹೊರಗೆ ಬಂದ ಮೇಲೆ ಪಡುವಣ ಕಡೆಗೆ, ಆಗ್ರಾ ಫೋರ್ಟ್ ರೈಲು ನಿಲ್ದಾಣದ ಹತ್ತಿರ ಹೋಗಿ ದಿಲ್ಲಿ ದರ್ವಾಜಾವನ್ನು ರಸ್ತೆಯಿಂದಲೇ ನೋಡಿ. ಅಕ್ಬರನ ಮುಖ್ಯ ಬಾಗಿಲು ಅದೇ, ಅಮರ್ ಸಿಂಗ್ ದರ್ವಾಜಾಕ್ಕಿಂತ ಎಷ್ಟೋ ಗಂಭೀರ. ಒಳಗೆ ಸೈನ್ಯ ಇರುವುದರಿಂದ ಹತ್ತಿರ ಬಿಡುವುದಿಲ್ಲ. ಆ ಕಡೆ ಹೋದವರು ಅಲ್ಲೇ ಎಲ್ಲಾದರೂ ಬೇಡೈ ಅನ್ನುವ ಪೂರಿ, ಆಲೂ ಪಲ್ಯ ತಿನ್ನಬಹುದು, ಖಾರ ಜಾಸ್ತಿ, ಆದರೆ ಅದು ಬೆಳಗಿನ ತಿಂಡಿ. ಸಂಜೆ ಹೋದರೆ ಪೇಠಾ ಒಂದೇ ಗತಿ. ಬೂದುಗುಂಬಳದ ಮಿಠಾಯಿ. ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದಕ್ಕಿಂತ ಆ ಕಾಯಲ್ಲಿ ಮಜ್ಜಿಗೆ ಹುಳಿ ಮಾಡಬಹುದಿತ್ತು ಅಂದಳು.